ಮಟ್ಟಕ್ಕಿಳಿಯದ ಗೆರೆ

ಹಳಿಯಾಳದ ಬಸ್ಸಿನಲ್ಲಿ ಮಾರ್ಗರೀಟಾ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಕೆಳಗಿಡಬಹುದಿತ್ತು. ಸೀಟಿನ ಕೆಳಗೆ ಜಾಗವಿತ್ತು, ಪಕ್ಕದ ಮುದುಕ ಕಾಲು ಸರಿಸಿ ಇಡು ಎಂಬಂತೆ ಎರಡು ಸಲ ನೋಡಿದ್ದ. ದಾಂಡೇಲಿ ಬಿಟ್ಟು ಸಾಗವಾನಿಯ ಕಾಡಿಗೆ ಬಸ್ಸು ಹೊಕ್ಕಾಗಿನಿಂದ ಪೆಟ್ಟಿಗೆಯ ಮೂಲೆ ಅವಳ ಹೊಟ್ಟೆಗೆ ಒತ್ತುತ್ತಿತ್ತು. ಒತ್ತಲಿ ಎಂದು ಸುಮ್ಮನಿದ್ದಳು. ಕಂಡಕ್ಟರ್ ಬಂದವನು ಬೆರಳಿನಿಂದ ಪೆಟ್ಟಿಗೆಯ ತಗಡನ್ನು ತಟ್ಟಿ, "ರೇಡಿಯೋ ಏನ್ರಿ ಬಾಯಾರ? ಹಚ್ರಲ್ಲ, ಹಾಡರ ಕೇಳೂಣು," ಅಂದ. ಹಿಂದಿನವರು ನಕ್ಕರು. ಅವಳು ಹೌದು, ರೇಡಿಯೋ, ಕೆಟ್ಟೈತಿ ಅಂದಳು. ಹೇಳಿದ ಮೇಲೆ ಅದು ಪೂರ್ತಿ ಸುಳ್ಳಲ್ಲ ಅನ್ನಿಸಿತು. ಒಳಗಿದ್ದ ಅಯಸ್ಕಾಂತ, ಸುರುಳಿ ಎಲ್ಲ ರೇಡಿಯೋದ ಸ್ಪೀಕರಿನವೇ. ಗಂಡ ಇನಾಸ ಅದರ ಕಾಗದದ ಬಾಯಿಯನ್ನು ಬ್ಲೇಡಿನಿಂದ ಕತ್ತರಿಸಿ ತೆಗೆದು, ಸುರುಳಿಗೆ ಒಂದು ಬಿದಿರಿನ ಕಡ್ಡಿ ಅಂಟಿಸಿ, ಕಡ್ಡಿಯ ತುದಿಗೆ ಇಂಜೆಕ್ಷನ್ ಸೂಜಿ ಕಟ್ಟಿ ಅದರೊಳಗೆ ಶಾಯಿ ಬಿಟ್ಟಿದ್ದ. ಹಾಡಬೇಕಾದದ್ದು ಎದೆಬಡಿತ ಬರೆಯುವ ಹಾಗೆ ಆಗಿತ್ತು. ಕೆಟ್ಟೈತಿ ಎಂಬುದು ಮಾತ್ರ ನಿಜವೋ ಸುಳ್ಳೋ ಅವಳಿಗೆ ತಿಳಿದಿರಲಿಲ್ಲ. ಹನ್ನೊಂದು ತಿಂಗಳಿಂದ ತಿಳಿದಿರಲಿಲ್ಲ, ತಿಳಿಯಲು ಹತ್ತು ನಿಮಿಷ ಸಾಕಿತ್ತು.

ಕೈಚೀಲದೊಳಗೆ ಬಾಮಿನ ಹಳೆಯ ಡಬ್ಬಿ ಇತ್ತು, ಡಬ್ಬಿಯೊಳಗೆ ಒಂದು ಕಂಡೆನ್ಸರ್. ಹುಬ್ಬಳ್ಳಿಯ ರೇಡಿಯೋ ಬಿಡಿಭಾಗಗಳ ಅಂಗಡಿಯಲ್ಲಿ ಕೊಂಡದ್ದು, ಹಳದಿ ಬಣ್ಣ, ಹುಣಸೆಬೀಜಕ್ಕಿಂತ ದೊಡ್ಡದು, ಎರಡು ತಂತಿ ಕಾಲು. ಅಂಗಡಿಯವನು ಅವಳ ಚೀಟಿ ಓದಿ, ನಂತರ ಅವಳ ಕಪ್ಪು ಮುಖ, ಗುಂಗುರು ಕೂದಲು ನೋಡಿ, "ಯಾರ ಬರದ ಕೊಟ್ಟಾರ ಇದನ್ನ? ಅವರನ್ನ ಕಳಸು," ಅಂದಿದ್ದ. ಇನಾಸ ಹಿಂದೆ ನಿಂತು, "ಬರದಾಕಿನ ಬಂದಾಳ್ರಿ, ಎಂಎಸ್ಸಿ, ಧಾರವಾಡ. ನಾ ಬರೇ ಚೀಲ ಹೊರಾಂವ," ಅಂದು ನಕ್ಕಿದ್ದ. ಅವನು ಎಲ್ಲದಕ್ಕೂ ಹಾಗೆಯೇ. ಕಾಗದದ ಮಿಲ್ಲಿನ ಮೀಟರುಗಳ ಫಿಟ್ಟರನಾಗಿದ್ದವನಿಗೆ, ಉರುಳುವ ಕಾಗದದ ಮೇಲೆ ಪೆನ್ನು ತಾನಾಗಿ ಗೆರೆ ಎಳೆಯುವ ಯಂತ್ರಗಳು ಮನೆಯ ದನಗಳಷ್ಟು ಪರಿಚಿತ. ಗುಜರಿಗೆ ಹೋದ ಅಂಥದೊಂದರ ಗಾಲಿಗಳನ್ನು ತಂದು ಅಡಿಗೆಮನೆಯಲ್ಲಿ ತೊಳೆದು ಒಣಹಾಕಿದ್ದ. ಕಾಗದಕ್ಕೆ ಬರವಿರಲಿಲ್ಲ. ಎದೆಯಿಂದ ಬರುವುದು ಎಷ್ಟು ಸಣ್ಣ ವಿದ್ಯುತ್ತು ಎಂದು ಅವಳು ಹೇಳಿದಾಗ, ಅದನ್ನು ಸಾವಿರ ಪಟ್ಟು ದೊಡ್ಡದು ಮಾಡಬೇಕು ಎಂದಾಗ, ಅವನು, "ಅಷ್ಟ ಸಣ್ಣದರ ಮ್ಯಾಲೆ ಮನಷಾ ನಡದಾನಲ್ಲ," ಅಂದಿದ್ದ. ಲೆಕ್ಕ ಅವಳದು, ಎಂಟು ಕಾಲಿನ ಐಸಿಗಳನ್ನು ಹಲಗೆಯ ಮೇಲೆ ಜೋಡಿಸಿದವಳು ಅವಳು. ಕೆಲಸ ನಡೆಯುವಾಗ ಮೇಜಿನ ಹತ್ತಿರ ಅವಳಿರಬೇಕಾಗಿದ್ದರಿಂದ ಕೈಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಚಾಪೆಯ ಮೇಲೆ ಮಲಗುವವನು ಯಾವಾಗಲೂ ಅವನೇ. ಅವಳ ಎದೆಯನ್ನು ಆ ಯಂತ್ರ ಒಮ್ಮೆಯೂ ಬರೆದಿರಲಿಲ್ಲ.

ಆ ರವಿವಾರ ಅವನು ಮೌಳಂಗಿಯ ಹೊಳೆಗೆ ಹೋಗಿ ಬಂದಿದ್ದ. ಸೈಕಲ್ಲಿನ ಹ್ಯಾಂಡಲಿಗೆ ಎಲೆಯಲ್ಲಿ ಸುತ್ತಿದ ಮೀನು ನೇತಾಡುತ್ತಿತ್ತು, ಅಂಗಿ ಬೆನ್ನಿಗೆ ಅಂಟಿತ್ತು. ಮೊದಲ ಸಲ ಎಲ್ಲ ಕೂಡಿಕೊಂಡ ದಿನ ಅದು. ಶಾಯಿ ಹರಿಯಿತು, ಕಾಗದ ಉರುಳಿತು, ಪೆನ್ನು ಎದ್ದು ಬಿದ್ದು ಅವನನ್ನು ಬರೆಯತೊಡಗಿತು. ಅವಳಿಗೆ ಕೂಗಬೇಕೆನ್ನಿಸಿತ್ತು. ಆದರೆ ಗೆರೆ ಒಂದು ಕಡೆ ನಿಲ್ಲಲಿಲ್ಲ. ಅವನು ಉಸಿರೆಳೆದರೆ ಮೇಲೇರಿತು, ಬಿಟ್ಟರೆ ಇಳಿಯಿತು. ಅದರ ಮೇಲೆ ಇನ್ನೊಂದು. ಪ್ರತಿ ಶಿಖರದಿಂದ ಕೆಳಗೆ ಬಂದ ಗೆರೆ ತನ್ನ ಮಟ್ಟಕ್ಕೆ ಇಳಿಯದೆ ಸ್ವಲ್ಪ ಮೇಲೆಯೇ, ಮೆಟ್ಟಿಲ ಮೇಲೆ ನಿಂತವರ ಹಾಗೆ, ನಿಂತುಬಿಡುತ್ತಿತ್ತು. ಪುಸ್ತಕದ ಚಿತ್ರದಲ್ಲಿ ಹಾಗಿರಲಿಲ್ಲ. ಇನಾಸ ಚಾಪೆಯ ಮೇಲಿಂದ, "ಮಾರ್ಗೀ, ಎದಿ ಒಳಗ ಹಿಡದಂಗ ಆಗೇತಿ ನೋಡ," ಅಂದ. ಅವಳು ಗೆರೆಯಿಂದ ಕಣ್ಣು ತೆಗೆಯದೆ, "ಮಾತಾಡಬ್ಯಾಡ, ಗೆರಿ ಅಲ್ಲಾಡತೈತಿ," ಅಂದಳು. ದೊಡ್ಡ ಕಂಡೆನ್ಸರ್ ನಿಧಾನದ ಏರಿಳಿತಗಳನ್ನೆಲ್ಲ ಒಳಗೆ ಬಿಡುತ್ತದೆ, ಸಣ್ಣದು ಬಿಡುವುದಿಲ್ಲ, ಇದು ಬಿಎಸ್ಸಿ ಹುಡುಗಿಗೂ ಗೊತ್ತು. ಅವಳು ಹಳದಿಯದನ್ನು ಕಿತ್ತು, ಅದರ ಹತ್ತನೇ ಒಂದು ಭಾಗದ್ದನ್ನು ಹಾಕಿದಳು. ಗೆರೆ ಇಸ್ತ್ರಿ ಹಾಕಿದಂತಾಯಿತು. ಉಸಿರಿನ ಏರಿಳಿತ ಹೋಯಿತು, ಮೆಟ್ಟಿಲೂ ಹೋಯಿತು. "ಈಗ ಎಷ್ಟ ಚಂದ ಬಂತ ನೋಡ," ಅಂದಳು. ಅವನು ಎದ್ದು ಕುಳಿತು ಕಾಗದ ಹಿಡಿದು, "ನನ್ನ ನೆಟ್ಟಗ ಮಾಡಿಬಿಟ್ಟಿ," ಅಂದ. ಆಮೇಲೆ ಮೀನು ಹೆರೆಯಲು ಕುಳಿತ. ಏಳು ತಿಂಗಳ ನಂತರ ಎರಡನೇ ಪಾಳಿಗೆ ಹೊರಟವನು ಮಿಲ್ಲಿನ ಸೈಕಲ್ ಸ್ಟ್ಯಾಂಡಿನಲ್ಲಿ ಬಿದ್ದ, ಮತ್ತೆ ಏಳಲಿಲ್ಲ. ಸೈಕಲ್ಲಿಗೆ ಕೀಲಿ ಹಾಕಿ ಆಗಿತ್ತು. ಕೀಲಿಕೈ ಅಂಗೈಯಲ್ಲಿತ್ತು.

ಬಸ್ಸು ಹಳಿಯಾಳ ಮುಟ್ಟಿತು. ಜನ ಇಳಿಯುವಾಗ ಯಾರದೋ ಕೊಡೆ ಪೆಟ್ಟಿಗೆಗೆ ತಾಗಿತು, ಅವಳಿಗೆ ನೋವಾದಂತಾಯಿತು. ಹನ್ನೊಂದು ತಿಂಗಳಲ್ಲಿ ಎಷ್ಟೋ ಸಲ ಡಬ್ಬಿ ತೆಗೆದು ನೋಡಿದ್ದಳು. ಹಳದಿಯದನ್ನು ಮತ್ತೆ ಹಾಕಿ, ಆರೋಗ್ಯವಿರುವ ಯಾರದೋ ಒಬ್ಬರ ಎದೆ ಬರೆಸಿದರೆ ಮುಗಿಯಿತು. ಅವರಲ್ಲೂ ಮೆಟ್ಟಿಲು ಬಂದರೆ ತಪ್ಪು ತನ್ನ ಲೆಕ್ಕದ್ದು, ಹಲಗೆಯದ್ದು, ಇನಾಸನ ಎದೆ ಆ ದಿನ ಏನನ್ನೂ ಹೇಳಿರಲಿಲ್ಲ. ಬರದಿದ್ದರೆ. ಅಲ್ಲಿಗೆ ಬಂದು ಅವಳು ಡಬ್ಬಿ ಮುಚ್ಚುತ್ತಿದ್ದಳು. ಬಾಮಿನ ವಾಸನೆ ಬೆರಳಿಗೆ ಉಳಿಯುತ್ತಿತ್ತು. ಅದೇ ಕೈಯಲ್ಲಿ ಶಾಲೆಗೆ ಹೋಗಿ ಏಳನೇ ಇಯತ್ತೆಗೆ ಗಣಿತ ಕಲಿಸಿ ಬರುತ್ತಿದ್ದಳು. ಹಳಿಯಾಳದ ಡಾಕ್ಟರ್ ಚನಬಸಪ್ಪನವರು ಮಣ್ಣಿಗೆ ಬಂದಾಗ ಏನೂ ಕೇಳಿರಲಿಲ್ಲ. ವರ್ಷ ಆಗುತ್ತ ಬಂದಾಗ ಕಾರ್ಡು ಬರೆದಿದ್ದರು. ಇಸಿಜಿ ಬೇಕೆಂದರೆ ಹುಬ್ಬಳ್ಳಿಗೆ ಕಳಿಸಬೇಕು, ಕಾಡಿನ ಜನ ಹೋಗುವುದಿಲ್ಲ, ನೀವಿಬ್ಬರೂ ಮಾಡಿದ ಯಂತ್ರ ಕೊಡುತ್ತೇನೆ ಎಂದು ಇನಾಸ ಮಾತು ಕೊಟ್ಟಿದ್ದ, ನಿಮಗೆ ಮನಸ್ಸಿದ್ದರೆ. ಮನಸ್ಸು ಎನ್ನುವ ಶಬ್ದವನ್ನು ಅವಳು ಬಹಳ ಹೊತ್ತು ನೋಡಿದ್ದಳು. ಮನೆಯಿಂದ ಇದು ಹೋಗಲಿ ಎಂದಷ್ಟೇ ಅನ್ನಿಸಿತ್ತು. ಹಾಗಾದರೆ ಡಬ್ಬಿಯನ್ನೇಕೆ ಚೀಲಕ್ಕೆ ಹಾಕಿದೆ ಎಂದು ಬಸ್‌ಸ್ಟ್ಯಾಂಡಿನಿಂದ ನಡೆಯುತ್ತ ಕೇಳಿಕೊಂಡಳು. ಉತ್ತರ ಬರುವ ಮೊದಲು ದವಾಖಾನೆ ಬಂತು.

ಬಾಗಿಲಲ್ಲಿ ಕಂಪೌಂಡರ್ ಭೋಜಪ್ಪ ಅವಳನ್ನು ಮೇಲಿಂದ ಕೆಳಗೆ ನೋಡಿ, "ಏ ಬಾಯಿ, ಚೀಟಿ ತಗೊಂಡ ಅಲ್ಲಿ ಕೆಳಗ ಕೂಡ. ಪೆಟಗಿ ಹೊರಗಿಡ," ಅಂದ. ತಾನು ಯಾರೆಂದು ಹೇಳಬಹುದಿತ್ತು. ಮೊದಲಾಗಿದ್ದರೆ ಹೇಳುತ್ತಿದ್ದಳು, ಅಥವಾ ಇನಾಸ ಹೇಳುತ್ತಿದ್ದ. ಅವಳು ಚೀಟಿ ತೆಗೆದುಕೊಂಡು ನೆಲದ ಮೇಲೆ ಕುಳಿತಳು, ಪೆಟ್ಟಿಗೆ ಮಾತ್ರ ಮಡಿಲಲ್ಲೇ ಉಳಿಯಿತು. ಪಕ್ಕದಲ್ಲಿ ಐವತ್ತರ ಹೆಂಗಸು ಗೋಡೆಗೆ ಒರಗಿ, ಸೆರಗಿನಿಂದ ಕುತ್ತಿಗೆಯ ಬೆವರು ಒರೆಸಿಕೊಳ್ಳುತ್ತಿದ್ದಳು. ಬಿಸಿಲು ಇನ್ನೂ ಏರಿರಲಿಲ್ಲ. ಅವಳ ಗುಂಗುರು ಕೂದಲಲ್ಲಿ ಕಟ್ಟಿಗೆಯ ಸಿಬುರೊಂದು ಸಿಕ್ಕಿಕೊಂಡಿತ್ತು. ಹೆಂಗಸು ಮಾರ್ಗರೀಟಾಳ ಕೂದಲು ನೋಡಿ, "ನಮ್ಮಾಕಿನ ಅಲ್ಲ ನೀ? ಯಾರ ಪೈಕಿ?" ಅಂದಳು. ಹೇಳಿದ ಮೇಲೆ, "ನಾ ಸೋನುಬಾಯಿ. ಈಕಿ ಕಾತರಿನಾ, ನನ್ನ ಸೊಸಿ. ಜುಲುಮಿ ಮಾಡಿ ಕರಕೊಂಡ ಬಂದಾಳ. ನಿನ್ನಿ ಕಟಗಿ ಹೊರೊ ಮುಂದ ಎದಿ ಕೆಳಗ ಕಲ್ಲ ಇಟ್ಟಂಗಾತು. ರಾತ್ರಿ ಆದ್ರೂ ಇಳಿಲಿಲ್ಲ," ಎಂದಳು. ಸೊಸೆ, "ಎರಡ ಸಲ ವಾಂತಿ ಮಾಡ್ಯಾಳ್ರಿ. ಗ್ಯಾಸ್ ಅಂತ ಜೀರಿಗಿ ಅಗದಕೊಂತ ಕುಂತಿದ್ಲು," ಅಂದಳು. "ಗ್ಯಾಸ ಅಲ್ಲದ ಮತ್ತೇನ? ನೀ ಮಾಡಿದ ಸಾರ ಹಂಗ ಇತ್ತಲ್ಲ," ಎಂದು ಸೋನುಬಾಯಿ ನಕ್ಕಳು. ನಗು ಅರ್ಧಕ್ಕೆ ನಿಂತು, ಅವಳ ಅಂಗೈ ಎದೆಯ ಕೆಳಗೆ ಹೋಯಿತು. ಮಾರ್ಗರೀಟಾ ಆ ಅಂಗೈಯನ್ನು ನೋಡಿದಳು. ಏನನ್ನೋ ಮುಚ್ಚಿಟ್ಟುಕೊಂಡಂತೆ ಬೆರಳುಗಳು ಮಡಿಚಿದ್ದವು.

ಡಾಕ್ಟರು ಹೊರಗೆ ಬಂದು, "ಅಯ್ಯೋ ಟೀಚರ್, ಕೆಳಗ್ಯಾಕ ಕುಂತೀರಿ!" ಎಂದಾಗ ಭೋಜಪ್ಪ ಕುರ್ಚಿ ತಂದ. ಅವನ ಮುಖ ನೋಡದಿರಲು ಅವಳು ಪೆಟ್ಟಿಗೆಯ ಮುಚ್ಚಳ ತೆಗೆಯುವ ನೆಪ ಮಾಡಿದಳು. ಸೋನುಬಾಯಿಯನ್ನೇ ಮೊದಲು ಮಂಚದ ಮೇಲೆ ಮಲಗಿಸಿದರು. ಜರ್ಮನ್ ಬೆಳ್ಳಿಯ ಮೂರು ತುಂಡು ತಗಡು, ಉಪ್ಪುನೀರಿನಲ್ಲಿ ಅದ್ದಿದ ಬಟ್ಟೆ, ಸೈಕಲ್ ಟ್ಯೂಬಿನ ಪಟ್ಟಿಗಳು. ಬಲ ಮುಂಗೈಗೆ ಒಂದು, ಎರಡು ಕಾಲಿಗೆ ಎರಡು. ಮುಂಗೈ ಪಟ್ಟಿಗೆ ಒಂದೇ ತೂತಿತ್ತು, ಇನಾಸನ ಅಳತೆಗೆ ಮೊಳೆಯಿಂದ ಮಾಡಿದ್ದು. ಸೋನುಬಾಯಿಯ ಕೈಗೂ ಸರಿಹೋಯಿತು. "ಕರೆಂಟ ಹೊಡಿತೈತೇನ?" "ಇಲ್ಲ. ಬ್ಯಾಟರಿ ಸೆಲ್ ಮ್ಯಾಲೆ ನಡಿತೈತಿ. ನಿಮ್ಮ ಎದ್ಯಾಗಿಂದ ಬರೂದನ್ನ ಬರಕೋತೈತಿ ಅಷ್ಟ." "ನನ್ನ ಎದ್ಯಾಗಿಂದ ಎಲ್ಲಾ ಬರೀತೈತೇನ? ಹಂಗಾದ್ರ ಸೊಸೀನ ಹೊರಗ ಕಳಸ ಮೊದಲ." ಕಾತರಿನಾ ಅತ್ತೆಯ ಕಾಲು ಚಿವುಟಿದಳು. ಕಾಗದ ಉರುಳಿತು. ಪೆನ್ನು ಎದ್ದಿತು, ಇಳಿಯಿತು, ಎದ್ದಿತು. ಗೆರೆ ನೆಟ್ಟಗೆ ಹರಿಯಿತು. ಡಾಕ್ಟರು ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು, "ಶಾಭಾಸ್ ಟೀಚರ್. ಎಷ್ಟ ಚಂದ ಬಂದೈತಿ ನೋಡ್ರಿ," ಎಂದರು. "ಏನೂ ಇಲ್ಲವಾ ಸೋನುಬಾಯಿ, ಗ್ಯಾಸ್. ಔಷಧ ಕೊಡತೇನಿ, ಮನಿಗೆ ಹೋಗು." ಸೋನುಬಾಯಿ ಸೊಸೆಯ ಕಡೆಗೆ ಗೆದ್ದವಳ ಹಾಗೆ ನೋಡಿ, "ಹೇಳಿದ್ನಿಲ್ಲ?" ಎಂದು ಎದ್ದು ಕುಳಿತಳು. ಅವಳ ಊರು ನಾಲ್ಕು ಮೈಲಿ, ನಡೆದೇ ಹೋಗುವವರು.

ಎಷ್ಟು ಚಂದ ಬಂದಿದೆ ಎಂಬ ಮಾತು ಕೋಣೆಯಲ್ಲಿ ಎಲ್ಲೋ ನಿಂತಿತ್ತು. ಆ ರವಿವಾರ ತಾನು ಅಂದದ್ದನ್ನೇ ಡಾಕ್ಟರು ಎಲ್ಲಿಂದ ಕಲಿತರು ಎಂದು ಮಾರ್ಗರೀಟಾ ಯೋಚಿಸಿದಳು. ಭೋಜಪ್ಪ ಬಾಟಲಿಗೆ ಕೆಂಪು ಔಷಧ ಸುರಿಯುತ್ತಿದ್ದ. ಗಾಜಿಗೆ ಗಾಜು ತಾಗಿದ ಸದ್ದು. ಸುಮ್ಮನಿದ್ದರೆ ಪೆಟ್ಟಿಗೆ ಇಲ್ಲಿ ಉಳಿಯುತ್ತದೆ, ತಾನು ಮೂರು ಗಂಟೆಯ ಬಸ್ಸಿಗೆ ಹೋಗುತ್ತೇನೆ, ನಾಳೆ ಶಾಲೆಯಲ್ಲಿ ಭಿನ್ನರಾಶಿ. ಯಾರಿಗೂ ಏನೂ ಗೊತ್ತಾಗುವುದಿಲ್ಲ. ಹೆಂಗಸಿಗೆ ನಿಜಕ್ಕೂ ಗ್ಯಾಸೇ ಇರಬಹುದು. ಗ್ಯಾಸೇ ಇರಬಹುದು ಎಂದುಕೊಂಡಾಗ ಮೀನು ಹೆರೆಯುತ್ತ ಕುಳಿತ ಇನಾಸನ ಬೆನ್ನು ಕಂಡಿತು, ಅಂಗಿಯ ಮೇಲೆ ಒಣಗಿದ ಬೆವರಿನ ಬಿಳಿ ಗೆರೆ. ಅದೂ ಸೊಟ್ಟಗೇ ಇತ್ತು. ಸೋನುಬಾಯಿ ಮಂಚದಿಂದ ಕಾಲು ಕೆಳಗೆ ಬಿಟ್ಟು ಚಪ್ಪಲಿ ಹುಡುಕುತ್ತಿದ್ದಳು. "ತಡೀರಿ," ಎಂದಳು ಮಾರ್ಗರೀಟಾ. ದನಿ ಯಾರದೋ ಅನ್ನಿಸಿತು. "ಡಾಕ್ಟರ, ಹತ್ತ ನಿಮಿಷ ಕೊಡ್ರಿ. ಇನ್ನೊಮ್ಮೆ ಬರಸಬೇಕು." "ಯಾಕ್ರಿ? ಚಂದ ಬಂತಲ್ಲ?" "ಚಂದ ಬರೂಹಂಗ ನಾನ ಮಾಡೇನ್ರಿ."

ಡಾಕ್ಟರಿಗೆ ಅರ್ಥವಾಗಲಿಲ್ಲ. ಹೊರಗೆ ಇಪ್ಪತ್ತು ಜನ ಕಾಯುತ್ತಿದ್ದರು. ಆದರೂ ಅವರು ಕೈಗಡಿಯಾರ ನೋಡಿ ತಲೆಯಾಡಿಸಿದರು. ಪೆಟ್ಟಿಗೆಯಲ್ಲೇ ಇದ್ದ ಬೆಸುಗೆ ಹಾಕುವ ಐರನ್ನನ್ನು ಪ್ಲಗ್ಗಿಗೆ ಹಾಕುವಷ್ಟರಲ್ಲಿ ಕರೆಂಟು ಹೋಯಿತು. ಇನ್ನು ಸಂಜೆಗೇ ಬರುವುದು ಎಂದ ಭೋಜಪ್ಪ. ಆ ಒಂದು ಕ್ಷಣ ಅವಳಿಗೆ ಹಗುರವೆನ್ನಿಸಿತು. ದೇವರೇ ಬೇಡವೆಂದ, ತಾನಲ್ಲ. ಮೂಲೆಯಲ್ಲಿ ಸಿರಿಂಜು ಕುದಿಸುವ ಸೀಮೆಎಣ್ಣೆ ಸ್ಟೋವು ಭರ್ರೆಂದು ಉರಿಯುತ್ತಿತ್ತು. ಅದನ್ನು ನೋಡದೆ ಇರಲು ಪ್ರಯತ್ನಿಸಿದಳು. ಆಮೇಲೆ ಎದ್ದು ಪಾತ್ರೆ ಇಳಿಸಿ, ಐರನ್ನಿನ ತಾಮ್ರದ ತುದಿಯನ್ನು ನೀಲಿ ಉರಿಗೆ ಹಿಡಿದಳು. ಮಿಲ್ಲಿನ ಕ್ವಾರ್ಟರಿನಲ್ಲಿ ಕರೆಂಟು ಹೋದಾಗ ಇನಾಸ ಹೀಗೆಯೇ ಮಾಡುತ್ತಿದ್ದ, ರೊಟ್ಟಿಯ ಹಂಚು ಸರಿಸಿ. "ಏನ ಬಾಯಾರ, ಮಷಿನ್ನಿಗೆ ಬರಿ ಹಾಕತೀರೇನ?" ಎಂದ ಭೋಜಪ್ಪ. ಈ ಸಲ ಬಹುವಚನ. ತುದಿ ಕಾಯಿತು. ಸಣ್ಣ ಕಂಡೆನ್ಸರಿನ ಕಾಲುಗಳು ಸೀಸ ಕರಗಿ ಬಿಟ್ಟುಕೊಂಡವು. ಡಬ್ಬಿ ತೆರೆದಳು. ಹಳದಿಯದರ ತಂತಿ ಕಾಲುಗಳು ಹಿಂದಿನ ಬೆಸುಗೆಯ ತೂತುಗಳಲ್ಲೇ ಕುಳಿತವು, ನಿನ್ನೆ ತೆಗೆದಂತೆ. ಬಿಸಿಗೆ ಬಾಮಿನ ವಾಸನೆ ಎದ್ದಿತು.

ಸೋನುಬಾಯಿ ಮತ್ತೆ ಮಲಗಿದಳು. ಈಗ ಮುಖ ಬೂದಿಯಾಗಿತ್ತು, ತಮಾಷೆ ಮುಗಿದಿತ್ತು. ಪೆನ್ನು ಹೊರಟಿತು. ಗೆರೆ ಉಸಿರಿನೊಂದಿಗೆ ಏರಿತು, ಇಳಿಯಿತು, ಆ ರವಿವಾರದ ಹಾಗೆಯೇ ಅಲೆಯಿತು. "ಬಾಯಿ, ಎಡಗಡೆ ದವಡಿ ಸೈತ ಸೇದತೈತಿ," ಎಂದಳು ಸೋನುಬಾಯಿ. ಮಾತಾಡಬೇಡ ಎಂಬ ಶಬ್ದ ನಾಲಿಗೆಯ ತನಕ ಬಂದಿತ್ತು. "ಹೇಳ್ರಿ," ಎಂದಳು ಮಾರ್ಗರೀಟಾ, "ಎಲ್ಲೆಲ್ಲಿ ಸೇದತೈತಿ ಹೇಳ್ರಿ." ಹೇಳುತ್ತ ಹೋದಂತೆ ಗೆರೆ ಅಲ್ಲಾಡಿತು. ನಂತರ ಹೆಂಗಸು ದಣಿದು ಸುಮ್ಮನಾದಳು, ಗೆರೆಯೂ ಒಂದಷ್ಟು ನಿಂತಿತು. ಅಲ್ಲಿ ಅದು ಇತ್ತು. ಶಿಖರದಿಂದ ಇಳಿದ ಗೆರೆ ಮಟ್ಟಕ್ಕೆ ಬರದೆ ಮೇಲೆಯೇ ನಿಂತಿತು. ಮುಂದಿನದೂ. ಅದರ ಮುಂದಿನದೂ.

ಡಾಕ್ಟರು ಎರಡು ಕಾಗದಗಳನ್ನು ಅಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. "ಇದು ಖರೇ ಇದ್ರ ಹಾರ್ಟ್ ಅಟ್ಯಾಕ್, ಈಕಿನ್ನ ಈಗಿಂದೀಗ ಹುಬ್ಬಳ್ಳಿಗೆ ಕಳಸಬೇಕು. ಎಬ್ಬಿಸಿ ಕುಂದರಸಲಿಕ್ಕೂ ಇಲ್ಲ. ಅದು ಖರೇ ಇದ್ರ ಗ್ಯಾಸು." ತಗ್ಗಿದ ದನಿಯಲ್ಲಿ, "ಯಾವುದನ್ನ ನಂಬಲಿ ಟೀಚರ್? ಮಷಿನ್ ತಪ್ಪಿರಬಹುದಲ್ಲ?" ಎಂದರು. ಹೌದು, ಇರಬಹುದು. ಅವಳು ಹನ್ನೊಂದು ತಿಂಗಳು ಅಂದುಕೊಂಡದ್ದನ್ನೇ ಅವರು ಅಂದಿದ್ದರು. "ಯಾರದರ ಆರಾಮ ಇದ್ದವರದ ಬರದ ನೋಡಬೇಕ್ರಿ," ಅಂದಳು. ಡಾಕ್ಟರು ಕಂಪೌಂಡರನ ಕಡೆ ನೋಡಿದರು. ಭೋಜಪ್ಪ ಎರಡು ಹೆಜ್ಜೆ ಹಿಂದೆ ಸರಿದು, "ನಂದ ಬ್ಯಾಡ್ರಿ ಸಾಹೇಬರ. ಇಲ್ಲದ್ದು ಏನರ ಹೊಂಟೀತು. ಮನ್ಯಾಗ ಮೂರ ಹೆಣ್ಣಮಕ್ಕಳದಾರ," ಅಂದ. ಅವಳು ಆಗಲೇ ಸೋನುಬಾಯಿಯ ಕೈಯ ಪಟ್ಟಿ ಬಿಚ್ಚುತ್ತಿದ್ದಳು.

ಕುರ್ಚಿಯ ಮೇಲೆ ಕುಳಿತು ತನ್ನ ಬಲ ಮುಂಗೈಗೆ ಕಟ್ಟಿಕೊಂಡಳು. ಇನಾಸನ ತೂತು ಅವಳಿಗೆ ಸಡಿಲ. ಕರವಸ್ತ್ರ ಮಡಚಿ ಕೆಳಗೆ ತುರುಕಿದಳು. ಕಾಲಿಗೆ ಕಟ್ಟಲು ಬಗ್ಗಿದಾಗ ಕಪ್ಪು ಸೀರೆಯ ಅಂಚು ಉಪ್ಪುನೀರಿಗೆ ಒದ್ದೆಯಾಯಿತು. ಗುಂಡಿ ಒತ್ತುವ ಮೊದಲು ಅವಳು ಬೇಡಿಕೊಂಡಳು. ಯಾರನ್ನು ಎಂದು ಗೊತ್ತಿಲ್ಲ. ಚರ್ಚಿಗೆ ಹೋಗುವುದನ್ನು ಬಿಟ್ಟಿದ್ದಳು. ತನ್ನ ಗೆರೆಯೂ ಮಟ್ಟಕ್ಕಿಳಿಯದಿರಲಿ, ಮೆಟ್ಟಿಲು ಬರಲಿ, ಯಂತ್ರ ಕೆಟ್ಟಿರಲಿ. ಆಗ ಇನಾಸ ಬಿದ್ದದ್ದು ಬಿದ್ದದ್ದಷ್ಟೇ ಆಗುತ್ತಿತ್ತು. ಅದರ ಹಿಂದೆಯೇ ಹೊಳೆಯಿತು, ಹಾಗಾದರೆ ಡಾಕ್ಟರು ಈ ಹೆಂಗಸನ್ನು ಮನೆಗೆ ಕಳಿಸುತ್ತಾರೆ, ನಾಲ್ಕು ಮೈಲಿ, ಬಿಸಿಲಿನಲ್ಲಿ. ಮಂಚದ ಮೇಲೆ ಸೋನುಬಾಯಿ ತಲೆ ತಿರುಗಿಸಿ ಇವಳನ್ನೇ ನೋಡುತ್ತಿದ್ದಳು. ಆ ಕಣ್ಣುಗಳ ಎದುರಿಗೆ ಬೇಡಿಕೆಯನ್ನು ಹಿಂದಕ್ಕೆ ತೆಗೆದುಕೊಳ್ಳಲು ನೋಡಿದಳು. ಆಗಲಿಲ್ಲ. ಬೇಡುತ್ತಲೇ ಗುಂಡಿ ಒತ್ತಿದಳು.

ಪೆನ್ನು ಎದ್ದಿತು. ಇಳಿಯಿತು. ಮಟ್ಟಕ್ಕೆ ಬಂದು ನಿಂತಿತು. ಸಣ್ಣದೊಂದು ಗುಡ್ಡ ಹತ್ತಿ ಮತ್ತೆ ಮಟ್ಟಕ್ಕೆ ಬಂದಿತು. ಉಸಿರಿಗೆ ಇಡೀ ಗೆರೆ ಒಂದಿಷ್ಟು ಏರಿ ಇಳಿಯುತ್ತಿತ್ತು, ಆದರೆ ಪ್ರತಿ ಶಿಖರದ ನಂತರ ಅದು ತನ್ನ ಜಾಗಕ್ಕೆ, ಕೂದಲೆಳೆಯಷ್ಟೂ ತಪ್ಪದೆ, ಮರಳುತ್ತಿತ್ತು. ಪುಸ್ತಕದ ಚಿತ್ರದ ಹಾಗೆ. ಅವಳು ಕಾಗದವನ್ನು ಉರುಳಲು ಬಿಟ್ಟಳು. ಒಂದು ಮೊಳ, ಎರಡು ಮೊಳ, ಇನ್ನು ಮುಂದೆ ಎಲ್ಲಾದರೂ ಬಂದೀತು ಎಂದು. ಬರಲಿಲ್ಲ. ತನ್ನ ಎದೆ ಇಷ್ಟು ದಿನ ಹೀಗೆಯೇ ನಡೆಯುತ್ತಿತ್ತೇ, ಒಳಗೆ, ಸೈಕಲ್ ಸ್ಟ್ಯಾಂಡಿನ ಮಧ್ಯಾಹ್ನವೂ, ಮಣ್ಣು ಹಾಕುವಾಗಲೂ, ಇಷ್ಟು ಒಪ್ಪವಾಗಿ? ಕಾಗದ ಮೇಜಿನಿಂದ ಜಾರಿ ನೆಲ ಮುಟ್ಟಿತು. ಡಾಕ್ಟರು ಕಾಯುತ್ತಿದ್ದರು.

"ಮಷಿನ್ ಸರಿ ಐತ್ರಿ," ಅಂದಳು. "ಆ ರವಿವಾರನೂ ಸರಿ ಇತ್ತು."

ಎರಡನೆಯ ಮಾತು ಡಾಕ್ಟರಿಗೆ ಕೇಳಿಸಲಿಲ್ಲ. ಅವರು ಆಗಲೇ ಭೋಜಪ್ಪನನ್ನು ಜೀಪು ತರಲು ಓಡಿಸಿ, ಇಂಜೆಕ್ಷನ್ ತುಂಬುತ್ತ, ಹುಬ್ಬಳ್ಳಿಗೆ ಚೀಟಿ ಬರೆಯುತ್ತ, ಕಾತರಿನಾಗೆ ಹೇಳುತ್ತ ಇದ್ದರು: ಹಿಂದಿನ ಸೀಟಿನಾಗ ಮಲಗಸ್ರಿ, ನೀರ ಸೈತ ಎದ್ದ ಕುಡಿಬಾರದು, ನಾ ಬರ್ತೇನಿ ಜೋಡಿ. ಕಾತರಿನಾ ಅಳಲು ಶುರುಮಾಡಿದಳು. "ಅಳಬ್ಯಾಡ, ಸಾರಿಂದ ತಪ್ಪಲ್ಲ ಅಂತ ಆತಲ್ಲ," ಎಂದಳು ಸೋನುಬಾಯಿ, ಒಣಗಿದ ತುಟಿಯಲ್ಲಿ. ನಾಲ್ಕು ಜನ ಮಂಚದ ಹಾಸಿಗೆಯ ಸಮೇತ ಎತ್ತಿ ಹೊರಗೆ ತಂದರು. ಜೀಪಿನ ಬಾಗಿಲಲ್ಲಿ ಮಾರ್ಗರೀಟಾ ಹಾಸಿಗೆಯ ಮೂಲೆ ಹಿಡಿದಿದ್ದಳು. ಮುಂಗೈಯ ಪಟ್ಟಿ ಬಿಚ್ಚಲು ಮರೆತಿದ್ದಳು, ತಂತಿ ತೂಗಾಡುತ್ತಿತ್ತು. ಸೋನುಬಾಯಿ ಆ ಪಟ್ಟಿಯನ್ನು ಬೆರಳಿನಿಂದ ಮುಟ್ಟಿದಳು.

"ನಿಂದೂ ಬರೀತಲ್ಲ ಮಗಳ. ಹೆಂಗೈತಿ ನಿಂದು?"

"ನಂಗೇನೂ ಆಗಿಲ್ಲ."

"ಪುಣ್ಯವಂತಿ ಬಿಡ," ಅಂದಳು ಸೋನುಬಾಯಿ. ಜೀಪು ಹೊರಟಿತು.